ಹಳ್ಳಿ ಶಾಲೆಯಲ್ಲಿ ರೋಬೋಟ್ ಕಲಿಸಲು ಹೋದರೆ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಏನು ಸಿಗುತ್ತೆ?

ಐದನೇ ಸೆಮ್ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಓದುತ್ತಿದ್ದೀರಿ. ಸರ್ಕಾರಿ ಶಾಲೆ ಮಕ್ಕಳಿಗೆ ರೋಬೋಟ್ ಕಲಿಸೋಣ ಬಾ ಅಂತ ಗೆಳೆಯರು ಕರೆಯುತ್ತಿದ್ದಾರೆ. ಅದರಿಂದ ನಿಮ್ಮ ಓದಿಗೆ ಲಾಭ ಇದೆಯಾ, ಇಲ್ಲಾ ಸುಮ್ನೆ ಆಕ್ಟಿವಿಟಿ ಪಾಯಿಂಟ್ಸ್‌ಗೆ ಮಾಡೋದಾ ಅಂತ ಕೇಳಿದ್ದೀರಿ.

ಪಾಯಿಂಟ್ಸ್ ವಿಷಯ ಮೊದಲು. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಡಿಗ್ರಿ ಮುಗಿಯುವುದರೊಳಗೆ ಪಾಠದಾಚೆಯ ಇಂಥ ಕೆಲಸಗಳಿಂದ 100 ಪಾಯಿಂಟ್ ಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿಯವರಿಗೆ 75. ಸುಳ್ಳು ಹೇಳಲ್ಲ, ನಾನೂ ಅದಕ್ಕೇ ಹೋದವನು. ಹಾಸನ ಜಿಲ್ಲೆಯ ಒಂದು ಹೈಸ್ಕೂಲು. ನಾವು ಆರು ಜನ, ಎಂಟನೇ ಕ್ಲಾಸಿನ 28 ಮಕ್ಕಳು. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಎರಡು ಗಂಟೆ.

ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ರೋಬೋಟ್, ಲೈನ್ ಫಾಲೋವರ್ ತಗೊಂಡು ಹೋಗಿದ್ದೆವು. ಪ್ರೋಗ್ರಾಮ್ ಹಾಕುವ ಆರ್ಡುಯಿನೋ ಊನೋ ಬೋರ್ಡ್, ಎರಡು ಹಳದಿ ಬಿಒ ಮೋಟರ್, ಅವನ್ನು ಓಡಿಸುವ ಎಲ್298ಎನ್ ಡ್ರೈವರ್, ಇನ್‌ಫ್ರಾರೆಡ್ ಬೆಳಕು ಬಿಟ್ಟು ಮರಳಿ ಬಂದದ್ದನ್ನು ನೋಡಿ ಗೆರೆ ಗುರುತಿಸುವ ಎರಡು ಐಆರ್ ಸೆನ್ಸರ್. ಕಾಲೇಜು ಲ್ಯಾಬಿನಲ್ಲಿ ಟ್ಯೂಬ್‌ಲೈಟ್ ಕೆಳಗೆ, ಬಿಳಿ ಫ್ಲೆಕ್ಸ್ ಮೇಲೆ ಚಂದವಾಗಿ ಓಡಿತ್ತು. ಶಾಲೆಯ ವರಾಂಡದಲ್ಲಿ ಅದೇ ಫ್ಲೆಕ್ಸ್ ಹಾಸಿ ಬಿಟ್ಟರೆ ಎರಡಡಿ ಹೋಗಿ ಹುಚ್ಚು ಹಿಡಿದಂತೆ ಗೋಡೆಗೆ ಗುದ್ದಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಕಾರಣ ಬಿಸಿಲು. ಸೂರ್ಯನ ಬೆಳಕಲ್ಲೂ ಇನ್‌ಫ್ರಾರೆಡ್ ಇರುತ್ತೆ ಅಂತ ಪರೀಕ್ಷೆಯಲ್ಲಿ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ಅದು ನನ್ನ ಸೆನ್ಸರ್ ಒಳಗೆ ನುಗ್ಗುತ್ತೆ ಅಂತ ಮಾತ್ರ ಹೊಳೆದಿರಲಿಲ್ಲ. ಸೆನ್ಸರ್ ಮಾಡ್ಯೂಲಿನ ಪ್ರಿಸೆಟ್ (ಎಷ್ಟು ಬೆಳಕಿಗೆ ಬಿಳಿ ಅನ್ನಬೇಕು ಅಂತ ಹೊಂದಿಸುವ ತಿರುಪು) ತಿರುಗಿಸಿ ತಿರುಗಿಸಿ ಸುಸ್ತಾದೆವು. ಆಗ ಒಬ್ಬ ಹುಡುಗಿ "ಸರ್, ಅದಕ್ಕೊಂದು ಟೋಪಿ ಹಾಕಿ" ಅಂದಳು. ನೋಟ್‌ಬುಕ್ಕಿನ ರಟ್ಟು ಕತ್ತರಿಸಿ, ಸೆನ್ಸರ್ ಸುತ್ತ ನೆಲಕ್ಕೆ ತಾಗುವಷ್ಟು ಇಳಿಬಿಟ್ಟು ಟೇಪ್ ಸುತ್ತಿದೆವು. ಮುಕ್ಕಾಲು ಸರಿಹೋಯ್ತು.

ಉಳಿದ ಕಾಲು ಭಾಗಕ್ಕೆ ನಮಗೆ ಎರಡು ವಾರ ಹಿಡಿಯಿತು. ಮಾರುಕಟ್ಟೆಯ ಮಾಡ್ಯೂಲಿನಲ್ಲಿ ಎಲ್‌ಎಂ393 ಕಂಪ್ಯಾರೇಟರ್, ಅಂದರೆ ಎರಡು ವೋಲ್ಟೇಜ್ ಹೋಲಿಸುವ ಚಿಪ್ ಇರುತ್ತೆ. ಅದರ ಡಿಜಿಟಲ್ ಪಿನ್ ಕಪ್ಪು ಇಲ್ಲವೇ ಬಿಳಿ ಅಂತ ಮಾತ್ರ ಹೇಳುತ್ತೆ. ಅದನ್ನು ಬಿಟ್ಟು ಬರೀ ಟಿಸಿಆರ್‌ಟಿ5000 ಹಾಕಿದೆವು, ಅದರಲ್ಲಿರುವುದು ಒಂದು ಇನ್‌ಫ್ರಾರೆಡ್ ಎಲ್ಇಡಿ, ಬೆಳಕು ಹಿಡಿಯುವ ಒಂದು ಫೋಟೋಟ್ರಾನ್ಸಿಸ್ಟರ್ ಅಷ್ಟೇ. ಅದರ ಎಲ್ಇಡಿಯನ್ನು ನಾವೇ ಆರಿಸಿ ಒಮ್ಮೆ ಓದುವುದು, ಹಚ್ಚಿ ಇನ್ನೊಮ್ಮೆ ಓದುವುದು, ಎರಡನ್ನೂ ಕಳೆಯುವುದು. ಹೊರಗಿನ ಬೆಳಕು ಎರಡು ಸಲವೂ ಒಂದೇ ಇರುವುದರಿಂದ ಕಳೆದುಹೋಗುತ್ತೆ. ಆದರೆ ನೇರ ಬಿಸಿಲು ಬಿದ್ದರೆ ಫೋಟೋಟ್ರಾನ್ಸಿಸ್ಟರ್ ಅಳೆಯಬಲ್ಲ ಮಿತಿಯೇ ತುಂಬಿಹೋಗುತ್ತೆ, ಆಮೇಲೆ ಕಳೆಯಲು ಏನೂ ಉಳಿಯಲ್ಲ. ಹಾಗಾಗಿ ಆ ಹುಡುಗಿಯ ಟೋಪಿ ಕೊನೆವರೆಗೂ ತೆಗೆಯಲಾಗಲಿಲ್ಲ.

ಇನ್ನೊಂದು ಪೇಚು ಭಾಷೆಯದು. ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್) ಅನ್ನು ಕನ್ನಡದಲ್ಲಿ ಹೇಳಲು ನಿಂತಾಗಲೇ ನನಗೆ ಅದು ಅರ್ಧ ಮಾತ್ರ ಗೊತ್ತು ಅಂತ ಗೊತ್ತಾಗಿದ್ದು. ಸ್ವಿಚ್ಚನ್ನು ಬೇಗ ಬೇಗ ಹಾಕಿ ಆರಿಸಿದ ಹಾಗೆ, ಹಾಕಿರುವ ಹೊತ್ತು ಜಾಸ್ತಿಯಾದರೆ ವೇಗ ಜಾಸ್ತಿ ಅಂದೆ. ಸರಿ. "ಪೂರ್ತಿ ವೇಗಕ್ಕೆ 255 ಯಾಕೆ ಸರ್, 100 ಯಾಕಲ್ಲ?" ಅಂದ ಒಬ್ಬ. ಊನೋದಲ್ಲಿ ಆ ಸಂಖ್ಯೆಗೆ ಇರುವುದು ಎಂಟು ಬಿಟ್, ಅದಕ್ಕೆ ಎಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಎತ್ತಿದರೆ ಒಂದು, ಇಳಿಸಿದರೆ ಸೊನ್ನೆ ಅಂತ ಎಣಿಸಿ, ಸೊನ್ನೆಯೂ ಸೇರಿ 256 ಬಗೆ ಅಂತ ತೋರಿಸುವಷ್ಟರಲ್ಲಿ ಆ ಶನಿವಾರ ಮುಗಿದಿತ್ತು. ಇನ್ನೊಬ್ಬಳು 255ರ ಬದಲು 40 ಹಾಕಿ, ಚಕ್ರ ತಿರುಗದೆ ಕುಂಯ್ ಅನ್ನುವುದನ್ನು ಕೇಳಿ "ಅದು ಅಳ್ತಾ ಇದೆ ಸರ್" ಅಂದಳು. ಊನೋದ ಹೆಚ್ಚಿನ ಪಿಡಬ್ಲ್ಯೂಎಂ ಪಿನ್‌ಗಳು ಸೆಕೆಂಡಿಗೆ ಸುಮಾರು 490 ಸಲ ಹೊತ್ತಿ ಆರುತ್ತವೆ. ಅವಳು ಕೇಳಿಸಿಕೊಂಡಿದ್ದು ಆ ಸದ್ದನ್ನೇ. ನಾನು ನಾಲ್ಕು ಸೆಮ್ ಓದಿಯೂ ಕೇಳಿಸಿಕೊಂಡಿರಲಿಲ್ಲ.

ಲೈನ್ ಫಾಲೋವರ್ ಓಡಿದ ಮೇಲೆ ಮಕ್ಕಳು ಕೇಳಿದ ಮೊದಲ ಪ್ರಶ್ನೆ: ಇದು ಏನು ಕೆಲಸ ಮಾಡುತ್ತೆ? ಉತ್ತರ ಇರಲಿಲ್ಲ. ಅವರಿಗೆ ಬೇಕಾಗಿದ್ದು ಬೇರೆ. ಬಿಸಿಯೂಟದ ಅಕ್ಕ ನೀರಿನ ಮೋಟರ್ ಹಾಕಿ ಒಲೆ ಹತ್ತಿರ ಹೋದರೆ ಮರೆತೇಬಿಡುತ್ತಿದ್ದರು. ಟ್ಯಾಂಕ್ ತುಂಬಿ ಅಂಗಳವೆಲ್ಲ ಕೆಸರು. ಟ್ಯಾಂಕ್ ತುಂಬಿದರೆ ಕೂಗುವಂಥದ್ದು ಮಾಡಿ ಅಂದರು.

ನಾವು ಜಂಭದಿಂದ ಶಬ್ದದಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಸೆನ್ಸರ್ ಹಾಕಿದೆವು. 40 ಕಿಲೋಹರ್ಟ್ಸ್ ಶಬ್ದ ಬಿಟ್ಟು, ಮರಳಿ ಬರುವ ಹೊತ್ತನ್ನು ಅಳೆಯುವುದು, ಸೆಂಟಿಮೀಟರಿಗೆ 58 ಮೈಕ್ರೋಸೆಕೆಂಡ್. ಮಕ್ಕಳು ಶಬ್ದದ ಪಾಠವನ್ನು ಇದರಲ್ಲೇ ಕಲಿತರು. ಆದರೆ ಮುಚ್ಚಿದ ಟ್ಯಾಂಕಿನ ತೇವಕ್ಕೆ ಸೆನ್ಸರ್ ಮೇಲೆ ಹನಿ ಕಟ್ಟಿ, ವಾರದಲ್ಲಿ ಬಾಯಿಗೆ ಬಂದ ಲೆಕ್ಕ ಹೇಳತೊಡಗಿತು. ಕೊನೆಗೆ ಉಳಿದದ್ದು ನೀರಿನ ಮೇಲೆ ತೇಲುತ್ತಾ ಮೇಲೆ ಬಂದಾಗ ಹತ್ತುವ ಒಂದು ಫ್ಲೋಟ್ ಸ್ವಿಚ್, ಒಂದು ಬಜರ್, ಎರಡು ಸೆಲ್. ಪ್ರೋಗ್ರಾಮೇ ಇಲ್ಲ! ರಿಪೋರ್ಟಿನಲ್ಲಿ ಇದನ್ನು ರೋಬೋಟಿಕ್ಸ್ ಅಂತ ಹೇಗೆ ಬರೆಯುವುದು ಅಂತ ನಮ್ಮ ಗೈಡ್‌ಗೆ ತಲೆನೋವಾಯ್ತು. ಕೆಲಸ ಮಾಡಿದ್ದು ಮಾತ್ರ ಅದೇ.

ಹಾಗಾಗಿ ಹೋಗಿ ಅಂತಲೇ ನನ್ನ ಸಲಹೆ, ಆದರೆ ಒಂದು ದಿನದ ವರ್ಕ್‌ಶಾಪ್ ಆದರೆ ಬೇಡ. ಒಂದೇ ದಿನವಾದರೆ ಫೋಟೋ ಬರುತ್ತೆ, ಬಿಸಿಲು, ತೇವದ ಪಾಠ ಬರಲ್ಲ. ಜೂನಿಯರ್ಸ್ ಇಬ್ಬರನ್ನಾದರೂ ಸೇರಿಸಿಕೊಳ್ಳಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಿಂದ ಎಪಿಕ್ಸ್ ಅಂತ ಇಂಥದ್ದೇ ಕೋರ್ಸ್ ನಡೆಯುತ್ತಿದೆ. ಅಲ್ಲಿ ಬೇರೆ ಬೇರೆ ವರ್ಷದವರು ಒಂದೇ ತಂಡದಲ್ಲಿರುತ್ತಾರೆ, ಸೀನಿಯರ್ಸ್ ಹೊರಟರೂ ಕೆಲಸ ನಿಲ್ಲಲ್ಲ. ನಾವು ಹಾಗೆ ಮಾಡಲಿಲ್ಲ. ನಾವು ಪಾಸಾದ ವರ್ಷವೇ ಲೈನ್ ಫಾಲೋವರ್ ಬೀರು ಸೇರಿತು.

ನೀವು ಹೋಗುವ ಊರ ಹತ್ತಿರ ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ನೆರವಿನ, ಮಕ್ಕಳು ಮಾಡಿ ಕಲಿಯುವ ಲ್ಯಾಬ್) ಇರುವ ಶಾಲೆ ಇದೆಯಾ ಅಂತಲೂ ವಿಚಾರಿಸಿ. ಇದ್ದರೆ ಅರ್ಧ ಸಾಮಾನು ಅಲ್ಲೇ ಸಿಗಬಹುದು. ಮೋಟರಿಗೆ ಚೌಕದ 9 ವೋಲ್ಟ್ ಬ್ಯಾಟರಿ ಹಾಕಬೇಡಿ, ಅಷ್ಟು ಕರೆಂಟ್ ಕೊಡುವ ತಾಕತ್ತು ಅದಕ್ಕಿಲ್ಲ, ಬೋರ್ಡ್ ರಿಸೆಟ್ ಆಗುತ್ತಲೇ ಇರುತ್ತೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಕ್ಲೋನ್ (ನಕಲು) ಊನೋ ತಂದಿದ್ದರೆ, ಕಂಪ್ಯೂಟರ್ ಅದರ ಯುಎಸ್‌ಬಿ ಚಿಪ್ಪನ್ನು ಗುರುತಿಸಲು ಬೇಕಾದ ಸಿಎಚ್340 ಡ್ರೈವರ್ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡೇ ಹೋಗಿ. ಶಾಲೆಯ ಕಂಪ್ಯೂಟರಿನಲ್ಲಿ ಅದೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ನಮ್ಮ ಮೊದಲ ಶನಿವಾರ ಪೂರ್ತಿ ಹೋಗಿದ್ದು ಅದಕ್ಕೇ.