ಪರ್ಷಿಯಾ ಹೋಗಿ ಇರಾನ್ ಆಗಿದ್ದು ಯಾಕೆ? ಇರಾನಿನವರೆಲ್ಲ ಪರ್ಷಿಯನ್ನರೇ?

ನೀವು ಕೇಳಿರುವುದು ಎರಡು ಸಂಗತಿ: 1935ರಲ್ಲಿ ಪರ್ಷಿಯಾ ಹೆಸರು ಬದಲಿಸಿಕೊಂಡು ಇರಾನ್ ಆದದ್ದು ಯಾಕೆ, ಮತ್ತು ಇರಾನಿನವರೆಲ್ಲರನ್ನೂ ಪರ್ಷಿಯನ್ನರು ಅನ್ನಬಹುದೇ. ಎರಡನೆಯದಕ್ಕೆ ಚಿಕ್ಕ ಉತ್ತರ: ಅನ್ನಬಾರದು. ಇರಾನಿಯನ್ ಅಂದರೆ ದೇಶದ ಪ್ರಜೆ. ಪರ್ಷಿಯನ್ ಅಂದರೆ ಆ ದೇಶದ ಅತಿ ದೊಡ್ಡ ಸಮುದಾಯ, ಅಷ್ಟೆ. ಮೊದಲನೆಯದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಯಾಕೆಂದರೆ 1935ರಲ್ಲಿ ಆ ದೇಶದವರ ಬಾಯಲ್ಲಿ ಯಾವ ಹೆಸರೂ ಬದಲಾಗಲಿಲ್ಲ. ಬದಲಾದದ್ದು ಹೊರಗಿನವರ ಬಾಯಲ್ಲಿ.

ಪಾರ್ಸ ಎಂಬುದು ಮೂಲದಲ್ಲಿ ಒಂದು ಸೀಮೆಯ ಹೆಸರು. ಇಂದಿನ ಇರಾನಿನ ನೈಋತ್ಯಕ್ಕಿರುವ ಫಾರ್ಸ್ ಪ್ರಾಂತ್ಯ, ಅದರ ರಾಜಧಾನಿ ಶಿರಾಜ್. ಅರಬಿಯಲ್ಲಿ ಪಕಾರ ಇಲ್ಲದ್ದರಿಂದ ಪಾರ್ಸ್ ಫಾರ್ಸ್ ಆಯಿತು, ಭಾಷೆ ಫಾರ್ಸಿ ಆಯಿತು. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಸೈರಸ್ ಕಟ್ಟಿದ ಸಾಮ್ರಾಜ್ಯದ ಅರಸು ಮನೆತನ ಈ ಸೀಮೆಯದು. ಅವರೊಡನೆ ಕಾದಾಡಿದ ಗ್ರೀಕರು ಸಾಮ್ರಾಜ್ಯಕ್ಕೆಲ್ಲ ಆ ಸೀಮೆಯ ಹೆಸರನ್ನೇ ಹಚ್ಚಿದರು. ಗ್ರೀಕರಿಂದ ಲ್ಯಾಟಿನ್, ಲ್ಯಾಟಿನ್‌ನಿಂದ ಯುರೋಪಿನ ಮಿಕ್ಕ ಭಾಷೆಗಳು, ಅಲ್ಲಿಂದ ನಮ್ಮ ಪಠ್ಯಪುಸ್ತಕ.

ಇರಾನ್ ಎಂಬ ಹೆಸರೂ ಹಳೆಯದೇ. ನಕ್ಷ್-ಎ-ರುಸ್ತಮ್‌ನ ಬಂಡೆಯ ಮೇಲೆ ಅದೇ ಸಾಮ್ರಾಜ್ಯದ ಅರಸ ಒಂದನೇ ದಾರಾ (ಡೇರಿಯಸ್) ತನ್ನನ್ನು ಪಾರ್ಸಿಗ, ಪಾರ್ಸಿಗನ ಮಗ, ಆರ್ಯ, ಆರ್ಯ ಸಂತಾನ ಎಂದು ಪರಿಚಯಿಸಿಕೊಂಡಿದ್ದಾನೆ. ಅಂದರೆ ಸೀಮೆಯ ಗುರುತು ಬೇರೆ, ಅದಕ್ಕಿಂತ ಅಗಲವಾದ ಗುರುತು ಬೇರೆ ಎಂಬ ಅರಿವು ಆಗಲೇ ಇತ್ತು. ಆ ಎರಡನೆಯ ಗುರುತಿನಿಂದಲೇ ಎರಾನ್, ಅಂದರೆ ಇರಾನ್ ಹೆಸರಿನ ಹಳೆಯ ರೂಪ, ಹುಟ್ಟಿತು. ಕ್ರಿಸ್ತಶಕ ಮೂರನೇ ಶತಮಾನದಲ್ಲಿ ಸಸಾನಿ ವಂಶದ ಅರ್ದಶೀರ್ ತನ್ನ ನಾಣ್ಯಗಳಲ್ಲಿ ಎರಾನಿನ ರಾಜಾಧಿರಾಜ ಎಂದು ಹಾಕಿಸಿದ. ಅವನ ಮಗ ಶಾಪೂರ್ ಎರಾನ್ ಮತ್ತು ಎರಾನ್ ಅಲ್ಲದ ನಾಡುಗಳೆರಡಕ್ಕೂ ತಾನೇ ಒಡೆಯ ಎಂದುಕೊಂಡ. ಏಳನೇ ಶತಮಾನದಲ್ಲಿ ಅರಬರು ಗೆದ್ದ ಮೇಲೆ ರಾಜಕೀಯ ಹೆಸರಾಗಿ ಇರಾನ್ ಮಸುಕಾಯಿತು, ಆದರೆ ಕಾವ್ಯದಲ್ಲಿ ಉಳಿಯಿತು. 1010ರಲ್ಲಿ ಮುಗಿದ ಫಿರ್ದೌಸಿಯ ಶಾಹನಾಮೆಯಲ್ಲಿ ಎಲ್ಲಿ ನೋಡಿದರೂ ಇರಾನ್. ಮಂಗೋಲರ ಇಲ್ಖಾನ್ ದೊರೆಗಳ ಕಾಲಕ್ಕೆ ಅದು ಮತ್ತೆ ರಾಜ್ಯದ ಹೆಸರಾಗಿ ಬಳಕೆಗೆ ಬಂತು. 1925ರವರೆಗೆ ಆಳಿದ ಖಜಾರ್ ವಂಶದ ಕಾಲದ ಸರ್ಕಾರಿ ಹೆಸರಿನಲ್ಲೂ ಇರಾನ್ ಇತ್ತು.

1935ರಲ್ಲಿ ಆದದ್ದು ಇಷ್ಟು. ರೆಜಾ ಷಾನ ಸರ್ಕಾರ ವಿದೇಶಿ ರಾಯಭಾರ ಕಚೇರಿಗಳಿಗೆ ಸುತ್ತೋಲೆ ಕಳಿಸಿ, ಆ ವರ್ಷದ ಮಾರ್ಚ್‌ನಲ್ಲಿ ಬರುವ ನೌರೂಜ್ ಹೊಸ ವರ್ಷದಿಂದ ಪತ್ರವ್ಯವಹಾರದಲ್ಲಿ ಪರ್ಷಿಯಾ ಬಿಟ್ಟು ಇರಾನ್ ಎಂದೇ ಬರೆಯಬೇಕೆಂದು ಕೇಳಿತು. ಆಗ ಮುಂದಿಟ್ಟ ಒಂದು ವಾದ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು: ಒಂದು ಪ್ರಾಂತ್ಯದ ಹೆಸರು ಇಡೀ ದೇಶಕ್ಕೆ ಯಾಕೆ? ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆದಾಗ ಧಾರವಾಡ, ಕಲಬುರಗಿ ಕಡೆಯವರದ್ದೂ ಇದೇ ಮಾತು. ಒಂದೇ ವ್ಯತ್ಯಾಸ: ಇಲ್ಲಿ ನಮ್ಮದೇ ಸರ್ಕಾರಿ ಹೆಸರು ಬದಲಾಯಿತು, ಅಲ್ಲಿ ಮೊದಲಿಂದ ತಾವು ಬಳಸುತ್ತಿದ್ದ ಹೆಸರನ್ನೇ ನೀವೂ ಬಳಸಿ ಎಂದರು. ಸುತ್ತೋಲೆಯ ಪರಿಣಾಮ ಬೇಗ ಕಂಡಿತು. ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಅದೇ ವರ್ಷ ಆಂಗ್ಲೋ-ಇರಾನಿಯನ್ ಆಯಿತು. ಮುಂದೆ 1954ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಆದದ್ದು ಅದೇ ಕಂಪನಿ.

ಹಿಟ್ಲರನ ಒತ್ತಡದಿಂದ ಈ ಹೆಸರು ಇಟ್ಟರು ಎಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಬರ್ಲಿನ್‌ನಲ್ಲಿದ್ದ ಇರಾನಿ ರಾಜತಾಂತ್ರಿಕರು ಸಲಹೆ ಕೊಟ್ಟರೆಂಬ ಹೇಳಿಕೆ ಇದೆ, ಆರ್ಯ ಎಂಬ ಮಾತಿಗೆ ಆಗ ಇದ್ದ ಮೆರುಗು ಕೆಲವರನ್ನು ಸೆಳೆದಿರಲೂ ಸಾಕು. ಆದರೆ ಆ ಸಲಹೆ ನಿಜವೇ ಆದರೂ, ಸುತ್ತೋಲೆ ಆಗಲೇ ಯಾಕೆ ಹೊರಟಿತು ಎಂಬುದಕ್ಕಷ್ಟೇ ಅದು ಉತ್ತರವಾದೀತು. ನಾಣ್ಯದ ಮೇಲೆ ಸಾವಿರದ ಏಳುನೂರು ವರ್ಷ ಹಿಂದೆಯೇ ಇದ್ದ ಹೆಸರನ್ನು ಬರ್ಲಿನ್‌ನಲ್ಲಿ ಯಾರೂ ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ.

ಕತೆ ಅಲ್ಲಿಗೇ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇರಾನ್, ಇರಾಕ್ ಕಲಸಿಹೋಗುತ್ತವೆಂದು ಚರ್ಚಿಲ್ ತಮ್ಮ ಕಚೇರಿಗಳಲ್ಲಿ ಪರ್ಷಿಯಾ ಎಂದೇ ಬರೆಸಿದರು. ಪರ್ಷಿಯನ್ ಕಾವ್ಯ, ಪರ್ಷಿಯನ್ ರತ್ನಗಂಬಳಿ ಎಲ್ಲ ಯಾವುದೋ ಅಳಿದುಹೋದ ದೇಶದ್ದು ಎಂದು ಹೊರಗಿನವರು ತಿಳಿಯತೊಡಗಿದ್ದಾರೆ ಎಂಬ ಕೊರಗು ಇರಾನಿನ ವಿದ್ವಾಂಸರದ್ದಾಗಿತ್ತು. 1959ರಲ್ಲಿ ಷಾ ಸರ್ಕಾರ ಎರಡು ಹೆಸರನ್ನೂ ಬಳಸಬಹುದು ಎಂದಿತು. 1979ರ ಕ್ರಾಂತಿಯ ನಂತರ ಸರ್ಕಾರಿ ಹೆಸರು ಇರಾನ್ ಇಸ್ಲಾಮಿ ಗಣರಾಜ್ಯ.

ಇನ್ನು ಜನರ ವಿಷಯ, ನಿಜವಾದ ತೊಡಕು ಇರುವುದು ಇಲ್ಲಿ. ಪರ್ಷಿಯನ್ನರ ಜೊತೆಗೆ ವಾಯವ್ಯದಲ್ಲಿ ತುರ್ಕಿ ಬಗೆಯ ಭಾಷೆಯಾಡುವ ಅಜೆರಿಗಳು, ಪಶ್ಚಿಮದಲ್ಲಿ ಕುರ್ದರು ಮತ್ತು ಲೂರರು, ಕ್ಯಾಸ್ಪಿಯನ್ ತೀರದಲ್ಲಿ ಗಿಲಕಿ ಹಾಗೂ ಮಾಜಂದರಾನಿ ಮಾತಾಡುವವರು, ಖೂಜಿಸ್ತಾನದಲ್ಲಿ ಅರಬರು, ಆಗ್ನೇಯದಲ್ಲಿ ಬಲೂಚಿಗಳು, ಈಶಾನ್ಯದಲ್ಲಿ ತುರ್ಕಮೆನ್ನರು ಇದ್ದಾರೆ. ಇರಾನಿನ ಜನಗಣತಿ ಜನಾಂಗ ಯಾವುದೆಂದು ಕೇಳುವುದಿಲ್ಲ. ಹಾಗಾಗಿ ನೀವು ನೋಡುವ ಶೇಕಡಾವಾರು ಲೆಕ್ಕಗಳೆಲ್ಲ ಅಂದಾಜು. ಅಮೆರಿಕದ ಸಿಐಎ ಕೈಪಿಡಿ ಬಹುಕಾಲ ಪರ್ಷಿಯನ್ನರು ಶೇ. 51, ಅಜೆರಿಗಳು ಶೇ. 24 ಎಂದು ಹಾಕುತ್ತಿತ್ತು, ಆಮೇಲೆ ಅದೇ ಕೈಪಿಡಿಯಲ್ಲಿ ಅದು ಶೇ. 61 ಮತ್ತು ಶೇ. 16 ಆಯಿತು. ಹಳೆಯ ಪಟ್ಟಿಯಲ್ಲಿ ಗಿಲಕಿ, ಮಾಜಂದರಾನಿಗಳಿಗೆ ಬೇರೆಯೇ ಶೇ. 8 ಇತ್ತು, ಹೊಸದರಲ್ಲಿ ಆ ಸಾಲೇ ಇಲ್ಲ. ಯಾರನ್ನು ಯಾವ ಡಬ್ಬಿಗೆ ಹಾಕುತ್ತೀರಿ ಎನ್ನುವುದರ ಮೇಲೆ ಬಹುಮತವೇ ಹಿಗ್ಗುತ್ತದೆ, ಕುಗ್ಗುತ್ತದೆ.

ಡಬ್ಬಿಯ ಗೆರೆಗಳೂ ಗಟ್ಟಿಯಲ್ಲ. ಯಜ್ದ್ ಅಥವಾ ಇಸ್ಫಹಾನಿನವರು ತಮ್ಮೂರಲ್ಲಿ ತಮ್ಮನ್ನು ಯಜ್ದಿ, ಇಸ್ಫಹಾನಿ ಎಂದುಕೊಳ್ಳುವುದೇ ಹೆಚ್ಚು. ಟೆಹರಾನಿಗೆ ಬಂದು ಎರಡು ಮೂರು ತಲೆಮಾರಾದ ಅಜೆರಿ ಮನೆಗಳಲ್ಲಿ ಮಕ್ಕಳ ಮಾತು ಫಾರ್ಸಿ. ಅಧಿಕಾರವೂ ಒಂದೇ ಸಮುದಾಯದ ಸೊತ್ತಾಗಿರಲಿಲ್ಲ. 1501ರಲ್ಲಿ ತಬ್ರೀಜಿನಲ್ಲಿ ಪಟ್ಟವೇರಿ ಸಫವಿ ರಾಜ್ಯ ಕಟ್ಟಿದ ಷಾ ಇಸ್ಮಾಯಿಲ್ ಕವಿತೆ ಬರೆದದ್ದು ಹೆಚ್ಚಾಗಿ ತುರ್ಕಿಯಲ್ಲಿ. ಖಜಾರರು ತುರ್ಕಿ ಮೂಲದ ಬುಡಕಟ್ಟಿನವರು. 2024ರಲ್ಲಿ ಅಧ್ಯಕ್ಷರಾದ ಪೆಜೆಶ್ಕಿಯಾನ್ ಅಜೆರಿ ಮನೆಮಾತಿನವರು. ಹಾಗಂತ ಎಲ್ಲ ಸರಿಸಮ ಎಂದಲ್ಲ. ಸಂವಿಧಾನದ 15ನೇ ವಿಧಿ ಫಾರ್ಸಿಯನ್ನು ಅಧಿಕೃತ ಭಾಷೆ ಮಾಡಿ, ಉಳಿದ ಭಾಷೆಗಳ ಸಾಹಿತ್ಯವನ್ನೂ ಶಾಲೆಯಲ್ಲಿ ಕಲಿಸಬಹುದು ಎನ್ನುತ್ತದೆ. ಕುರ್ದರ, ಅಜೆರಿಗಳ ದೂರು ಇರುವುದು ಈ ಎರಡನೇ ಭಾಗ ಕಾಗದದಲ್ಲೇ ಉಳಿದಿದೆ ಎಂದು.

ಭಾರತದಲ್ಲಿ ಈ ಗೊಂದಲಕ್ಕೆ ಇನ್ನೊಂದು ಮಡಿಕೆ ಇದೆ. ಪಾರ್ಸಿಗಳು ಶತಮಾನಗಳ ಹಿಂದೆ ಗುಜರಾತಿಗೆ ಬಂದ ಜರತುಷ್ಟ್ರ ಧರ್ಮದವರು. ಮುಂಬೈಯ ಇರಾನಿ ಕೆಫೆಗಳ ಇರಾನಿಗಳಲ್ಲಿ ಬಹಳ ಮಂದಿ ಅದೇ ಧರ್ಮದವರಾದರೂ ಹತ್ತೊಂಬತ್ತನೇ ಶತಮಾನದಿಂದೀಚೆಗೆ ಯಜ್ದ್, ಕೆರ್ಮಾನ್ ಕಡೆಯಿಂದ ಬಂದವರು. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನನ್ನು ಪರ್ಷಿಯನ್ ಎಂದು ಬರೆಯುವುದು ವಾಡಿಕೆ, ಆದರೆ ಅವನ ಊರು ಗಿಲಾನ್. ಮೇಲೆ ಹೇಳಿದ, ಪಟ್ಟಿಯಿಂದ ಮಾಯವಾದ ಗಿಲಕಿಗಳ ನಾಡು ಅದು. ಬಹಮನಿ ಆಸ್ಥಾನದಲ್ಲಿ ಅವನಿಗಿದ್ದ ಪಂಗಡದ ಹೆಸರು ಅಫಾಕಿ, ಅಂದರೆ ಹೊರನಾಡಿನವನು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಯ ಅಲಿ ಅಸ್ಕರ್, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ತಾತ, ಶಿರಾಜಿನವರು. ಸೀಮೆಯ ಲೆಕ್ಕದಲ್ಲಿ ಪಕ್ಕಾ ಪಾರ್ಸದವರು ಅಂದರೆ ಅವರು.

ಬರೆಯುವಾಗ ಏನು ಮಾಡಬೇಕು ಎಂದರೆ: ಇಂದಿನ ದೇಶ, ಸರ್ಕಾರ, ಪಾಸ್‌ಪೋರ್ಟ್, ಕ್ರೀಡಾ ತಂಡಕ್ಕೆ ಇರಾನ್. ಸೈರಸ್, ದಾರಾರ ಸಾಮ್ರಾಜ್ಯಕ್ಕೆ ಪರ್ಷಿಯನ್ ಸಾಮ್ರಾಜ್ಯ ಎಂದರೆ ತಪ್ಪಿಲ್ಲ, ಅರಸರು ಆ ಸೀಮೆಯವರೇ. ಭಾಷೆಗೆ ಕನ್ನಡದಲ್ಲಿ ಪಾರಸಿ, ಫಾರಸಿ, ಪರ್ಷಿಯನ್ ಎಲ್ಲವೂ ನಡೆಯುತ್ತವೆ, ಆದರೆ ಅಫ್ಘಾನಿಸ್ತಾನದ ದರಿ, ತಜಿಕಿಸ್ತಾನದ ತಜಿಕ್ ಕೂಡ ಅದೇ ಭಾಷೆಯ ರೂಪಗಳು, ಅವನ್ನಾಡುವವರು ಇರಾನಿಗಳಲ್ಲ ಎಂಬುದು ನೆನಪಿರಲಿ. ಭಾಷಾವಿಜ್ಞಾನಿಗಳು ಇರಾನಿ ಭಾಷೆಗಳು ಎಂದಾಗ ಅದು ಕುಟುಂಬದ ಹೆಸರು: ಕುರ್ದಿ, ಬಲೂಚಿ, ಪಶ್ತೊ ಅದರೊಳಗೆ ಬರುತ್ತವೆ, ಇರಾನಿನಲ್ಲೇ ಆಡುವ ಅಜೆರಿ ಬರುವುದಿಲ್ಲ. ವ್ಯಕ್ತಿಯೊಬ್ಬರ ಬಗ್ಗೆ ಬರೆಯುವಾಗ ಅವರ ಸಮುದಾಯ ಖಚಿತವಿಲ್ಲದಿದ್ದರೆ ಇರಾನಿನವರು ಎಂದು ನಿಲ್ಲಿಸಿ. ಅಮೆರಿಕದಲ್ಲಿ ನೆಲೆಸಿದವರು 1979ರಲ್ಲಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ನಡೆದ ಒತ್ತೆಯಾಳು ಪ್ರಕರಣದ ಕಹಿಯಿಂದ ದೂರವಿರಲು ತಮ್ಮನ್ನು ಪರ್ಷಿಯನ್ ಎಂದುಕೊಳ್ಳುವುದುಂಟು. ಅದು ಅವರ ಆಯ್ಕೆ, ಅದನ್ನೇ ಹಿಡಿದು ತಬ್ರೀಜಿನ ಅಜೆರಿಯನ್ನೋ ಸನಂದಜದ ಕುರ್ದನನ್ನೋ ಪರ್ಷಿಯನ್ ಎಂದರೆ ಅವರು ಒಪ್ಪಲಿಕ್ಕಿಲ್ಲ.