ಮೂರು ಭಾಷೆಯ ಮನೆ, ಮಾತು ತಡವಾದ ಮಗ

ಕಾಸರಗೋಡಿನಲ್ಲಿ ಇಷ್ಟೊಂದು ಭಾಷೆಗಳಿದ್ದರೆ ಮಕ್ಕಳಿಗೆ ಗೊಂದಲ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಮಕ್ಕಳಿಗೆ ಆಗುವುದಿಲ್ಲ, ದೊಡ್ಡವರಿಗೆ ಆಗುತ್ತದೆ. ನಮಗೇ ಆಗಿತ್ತು.

ನಮ್ಮ ಮನೆ ಕುಂಬಳೆ ಹತ್ತಿರ. ನನ್ನ ತವರು ಪುತ್ತೂರು ಕಡೆ, ಹಾಗಾಗಿ ಮಗನ ಹತ್ತಿರ ನಾನು ಕನ್ನಡ. ಅತ್ತೆ, ಗಂಡ ತುಳು. ಪಕ್ಕದ ಮನೆ ಮಕ್ಕಳದ್ದು ಮಲಯಾಳ. ಮಗನಿಗೆ ಎರಡು ವರ್ಷ ತುಂಬಿದರೂ ಮಾತಿಲ್ಲ. "ಮೂರು ಭಾಷೆ ಅಲ್ವಾ, ತಡ ಆಗ್ತದೆ" ಅಂದರು ಎಲ್ಲರೂ. ಒಬ್ಬ ಡಾಕ್ಟರೂ ಹಾಗೇ ಅಂದರು. ನಾವು ಸುಮ್ನೆ ಕಾದೆವು. ಆ ಒಂದು ವರ್ಷದ ಬಗ್ಗೆ ನನಗೆ ಈಗಲೂ ಸಂಕಟ.

ನೋಡಬೇಕಿದ್ದದ್ದು ಬೇರೆಯೇ. ಹೆಸರು ಕರೆದರೆ ಅವನು ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ತೋರಿಸುತ್ತಿರಲಿಲ್ಲ, ನನ್ನ ಕೈ ಹಿಡಿದು ಎಳೆಯುತ್ತಿದ್ದ. ಡಬ್ಬಿ ಮುಚ್ಚಳವನ್ನು ಗಂಟೆಗಟ್ಟಲೆ ತಿರುಗಿಸುತ್ತಿದ್ದ. ಬೆರಳು ತೋರಿಸಲಿಕ್ಕೆ ಯಾವ ಭಾಷೆ ಬೇಕು ಹೇಳಿ?

ಆಟಿಸಂ (ಮಾತು, ಇತರರೊಂದಿಗೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಎಂದು ಗೊತ್ತಾದದ್ದು 2019ರ ಕೊನೆಗೆ, ಮಂಗಳೂರಿನಲ್ಲಿ. ನಮ್ಮ ಕಡೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರೇ. ಥೆರಪಿ ಶುರುವಾಗಿ ಕೆಲವು ತಿಂಗಳಿಗೆ, 2020ರ ಮಾರ್ಚ್‌ನಲ್ಲಿ, ಕೊರೊನಾ ಎಂದು ಕೇರಳ-ಕರ್ನಾಟಕ ಗಡಿ ಮುಚ್ಚಿದರು. ರಸ್ತೆಗೆ ಮಣ್ಣು ಸುರಿದರು, ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸೂ ನಿಂತಿತು. ಅದರ ಮುಂದೆ ನಮ್ಮದು ಸಣ್ಣ ಕಷ್ಟ. ಆದರೆ ಮೂರು ವರ್ಷದ ಮಗುವಿಗೆ ತಿಂಗಳುಗಳು ಸಣ್ಣದಲ್ಲ.

ಆಮೇಲೆ ಗಡಿಯ ಈಚೆಯೇ ಥೆರಪಿ ಹುಡುಕಿದೆವು. (ಕಾಸರಗೋಡು ಎಂದ ಕೂಡಲೇ ಹೊರಗಿನವರು "ಎಂಡೋಸಲ್ಫಾನಾ?" ಎಂದು ಕೇಳುತ್ತಾರೆ. ಗೇರು ತೋಟಗಳಿಗೆ ಸಿಂಪಡಿಸಿದ ಆ ಕೀಟನಾಶಕದಿಂದ ಮಕ್ಕಳಿಗೆ ತೊಂದರೆಯಾದ ಕತೆ ನಿಜ, ಆದರೆ ಇಲ್ಲಿನ ಎಲ್ಲ ಮಕ್ಕಳದ್ದೂ ಅದೇ ಅಲ್ಲ.) ಸಿಕ್ಕಿದ ಟೀಚರ್ ಮಲಯಾಳಿ. ಅವರು ಮಗನಿಗಿಂತ ಜಾಸ್ತಿ ಕಲಿಸಿದ್ದು ನಮಗೆ. ನೀರಿನ ಲೋಟ ಕಾಣುವ ಹಾಗೆ, ಆದರೆ ಕೈಗೆ ಸಿಗದ ಹಾಗೆ ಇಡಿ. ಕೂಡಲೇ ಕೊಡಬೇಡಿ. ಅವನ ಕಣ್ಣಿನ ಎತ್ತರಕ್ಕೆ ಕೂತು ಹತ್ತು ಎಣಿಸಿ. ನೋಡಿದರೆ, ಕೈ ಚಾಚಿದರೆ, ಒಂದು ಸದ್ದು ಮಾಡಿದರೂ ಸಾಕು, ಆಗ ಕೊಡಿ. ಅಷ್ಟೇ. ಆದರೆ ಹತ್ತು ಎಣಿಸುವುದು ಅಜ್ಜಿಗೆ ಎಷ್ಟು ಕಷ್ಟ ಗೊತ್ತಾ? "ಮಗುವಿಗೆ ಬಾಯಾರಿಕೆ" ಎಂದು ಅತ್ತೆ ಕದ್ದು ಕುಡಿಸುತ್ತಿದ್ದರು.

ಮನೆ ಭಾಷೆ ಬಿಡಬೇಕಾ ಎಂದು ಟೀಚರ ಹತ್ತಿರ ಹೆದರುತ್ತಲೇ ಕೇಳಿದ್ದೆ. ಬೇಡ, ನಿಮಗೆ ಮುದ್ದು ಮಾಡಲು ಬರುವ ಭಾಷೆಯಲ್ಲೇ ಮಾತಾಡಿ ಎಂದರು. ಚಿತ್ರದ ಕಾರ್ಡುಗಳಲ್ಲಿ ಮಲಯಾಳದ ಕೆಳಗೆ ನಾನು ಕನ್ನಡ ಬರೆದು ಕೊಟ್ಟೆ. ಅವರೂ ನಾಲ್ಕು ಕನ್ನಡ ಶಬ್ದ ಕಲಿತರು, ತಪ್ಪುತಪ್ಪಾಗಿ.

ಅಂಗವಿಕಲತೆಯ ಸರ್ಟಿಫಿಕೇಟಿನ ಓಡಾಟವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ, ಬೇಗ ಮಾಡಿಸಿಕೊಳ್ಳಿ. ಮಲಯಾಳದಲ್ಲಿದ್ದ ನನ್ನ ಅರ್ಜಿಯನ್ನು ಪಕ್ಕದ ಮನೆಯವರು ಓದಿ ಹೇಳಿದರು.

ಮಗನ ಮೊದಲ ಮಾತು "ವೆಳ್ಳ". ನಾನು ಹೇಳಿದ ನೀರೂ ಅಲ್ಲ, ಅಜ್ಜಿಯ ನೀರ್ ಕೂಡಾ ಅಲ್ಲ, ಟೀಚರ ವೆಳ್ಳಂ. ಅತ್ತೆಗೆ ಒಂದು ದಿನ ಬೇಸರವಾಯಿತು. ಮರುದಿನದಿಂದ ಲೋಟ ಹಿಡಿದು ಅವರೇ ತುಳು ಬೆರೆಸಿ ಕೇಳತೊಡಗಿದರು, "ವೆಳ್ಳ ಬೋಡಾ ಮಗಾ?"