ಹೊಸ ಊರಿನ ಚರ್ಚ್‌ನಲ್ಲಿ ನಾಲ್ಕು ಜನರ ಪರಿಚಯ ಆಗೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಕಥೆ ಓದಿದ ಹಾಗಾಯಿತು. ನೀವು ಬರೆದದ್ದು ಇದು: ಹಾಸನದಿಂದ ಚಿಕ್ಕಮಗಳೂರಿಗೆ ವರ್ಗವಾಗಿ ಮೂರು ತಿಂಗಳಾಯಿತು, ಪ್ರತಿ ಭಾನುವಾರ ಪೂಜೆಗೆ ಹೋಗುತ್ತೇವೆ, ಪೂಜೆ ಬಿಟ್ಟ ಮೇಲೆ ಎಲ್ಲರೂ ಅವರವರ ಗುಂಪಿನಲ್ಲಿ ನಿಂತು ಮಾತಾಡುತ್ತಾರೆ, ನಾವು ಮಕ್ಕಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಸೀದಾ ಮನೆಗೆ. ಚರ್ಚ್‌ನಲ್ಲಿ ಪೂಜೆ ಬಿಟ್ಟು ಬೇರೆ ಏನೇನು ನಡೆಯುತ್ತದೆ, ಹೊರಗಿನಿಂದ ಬಂದವರು ಸೇರಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ.

ನಾನೂ ಹಾಸನ ಕಡೆಯ ಹಳ್ಳಿಯವನೇ. 2013ರಲ್ಲಿ ಇಲ್ಲಿನ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು, ಅಪ್ಪ ಅಮ್ಮನನ್ನೂ ಕರೆದುಕೊಂಡು ಬಂದೆ. ನಮ್ಮೂರಲ್ಲಿ ಚರ್ಚ್‌ಗೆ 'ಸೇರಿಕೊಳ್ಳೋದು' ಅನ್ನುವ ಮಾತೇ ಇರಲಿಲ್ಲ. ಇಡೀ ಊರು ಅತ್ತೆ ಮಾವ ಚಿಕ್ಕಪ್ಪ. ಸ್ವಾಮಿಗಳು, ಅಂದರೆ ಚರ್ಚಿನ ಫಾದರ್, ಮನೆ ಮುಂದೆ ಹಾದು ಹೋದರೆ ಅಜ್ಜಿ ಅಲ್ಲಿಂದಲೇ ಕೂಗಿ ಕಾಫಿಗೆ ಕರೆಯುತ್ತಿದ್ದರು. ಆ ಅಜ್ಜಿ ಶೆಟ್ಟಿಹಳ್ಳಿಯವರು. ಹೌದು, ಅದೇ, ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳೋಕೆ ಹೋಗುವ, ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಚರ್ಚ್. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದಾಗ ಊರಿಗೆ ಊರೇ ಎದ್ದು ಬೇರೆ ಕಡೆ ಹೋಯಿತು. ಅಜ್ಜಿಗೆ ಆ ಗೋಡೆಗಳ ಬಗ್ಗೆ ಅಂಥ ಸಂಕಟ ಇರಲಿಲ್ಲ. ಹೊಸ ಜಾಗದಲ್ಲಿ ಪಕ್ಕದ ಮನೆಗೆ ಅದೇ ಹಳೇ ಪಕ್ಕದ ಮನೆಯವರು ಬರಲಿಲ್ಲ ಅನ್ನೋದೇ ಅವರ ದೊಡ್ಡ ದೂರು. ಸಾಯುವ ತನಕ ಹೇಳುತ್ತಿದ್ದರು.

ಅಂಥ ಕಡೆಯಿಂದ ಬಂದವನಿಗೆ ಇಲ್ಲಿ ಮೊದಲ ವರ್ಷ ಕಷ್ಟ ಆಯಿತು. ಇಲ್ಲಿ ಭಾಷೆಯೇ ನಾಲ್ಕು. ಮಂಗಳೂರು ಕಡೆಯಿಂದ ತೋಟದ ರೈಟರ್, ಮೆಕ್ಯಾನಿಕ್, ಡ್ರೈವರ್ ಕೆಲಸಕ್ಕೆ ಅಂತ ಘಟ್ಟ ಹತ್ತಿ ಬಂದ ಕೊಂಕಣಿಯವರ ಮೊಮ್ಮಕ್ಕಳಿದ್ದಾರೆ, ತೋಟದ ಲೈನ್‌ಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ತಮಿಳಿನವರಿದ್ದಾರೆ, ಮಲಯಾಳಿಗಳು ಸ್ವಲ್ಪ, ಆಮೇಲೆ ನಮ್ಮಂಥ ಬಯಲುಸೀಮೆ ಕಡೆಯ ಕನ್ನಡದವರು. ಪೂಜೆ ಕನ್ನಡದಲ್ಲೇ ಇರುತ್ತದೆ, ಆದರೆ ಬಾಗಿಲಿಂದ ಹೊರಗೆ ಕಾಲಿಟ್ಟ ತಕ್ಷಣ ಎಲ್ಲರೂ ಮನೆ ಮಾತಿಗೆ ಹೋಗುತ್ತಾರೆ. ನಿಮ್ಮನ್ನು ದೂರ ಇಡಬೇಕು ಅಂತ ಅಲ್ಲ, ವಾರಕ್ಕೊಮ್ಮೆ ಅಕ್ಕತಂಗಿಯರು ಸಿಕ್ಕಾಗ ನೀವಾದರೂ ಅದನ್ನೇ ಮಾಡುತ್ತೀರಿ ಅಲ್ವಾ? ನಾನು ಇದನ್ನು ಅರ್ಥ ಮಾಡಿಕೊಳ್ಳದೆ ಒಂದು ವರ್ಷ ಸುಮ್ನೆ ಮುಖ ಊದಿಸಿಕೊಂಡು ಓಡಾಡಿದೆ.

ಈಗ ಮುಖ್ಯ ವಿಷಯ. ದಯವಿಟ್ಟು ಇದನ್ನು ಮೊದಲು ಮಾಡಿ: ಚರ್ಚ್ ಆಫೀಸಿಗೆ ಹೋಗಿ ನಿಮ್ಮ ಕುಟುಂಬದ ಹೆಸರು ಬರೆಸಿ, ನಿಮ್ಮ ಬೀದಿ ಚರ್ಚಿನ ಯಾವ ವಾರ್ಡಿಗೆ (ಅಕ್ಕಪಕ್ಕದ ಮನೆಗಳ ಗುಂಪಿಗೆ) ಬರುತ್ತದೆ ಕೇಳಿ, ಆ ವಾರ್ಡಿನ ಮುಖ್ಯಸ್ಥರ ನಂಬರ್ ತೆಗೆದುಕೊಳ್ಳಿ. ನಿಮ್ಮ ಹಳೇ ಧರ್ಮಕೇಂದ್ರದಿಂದ, ಅಂದರೆ ಹಳೇ ಊರಿನ ಚರ್ಚ್‌ನಿಂದ, ಒಂದು ಪತ್ರ ತರಬೇಕಾಗಬಹುದು. ಅದೇನೂ ಕಷ್ಟ ಅಲ್ಲ, ಹಾಸನ ಚಿಕ್ಕಮಗಳೂರು ಎರಡೂ ಜಿಲ್ಲೆ ಒಂದೇ ಧರ್ಮಕ್ಷೇತ್ರ (ಒಬ್ಬ ಬಿಷಪ್ ಕೆಳಗಿನ ಪ್ರದೇಶ), 1963ರಲ್ಲಿ ಮೈಸೂರಿನಿಂದ ಬೇರೆಯಾದದ್ದು. ಮೊದಲು ಶಿವಮೊಗ್ಗವೂ ಇದರಲ್ಲೇ ಇತ್ತು, 1988ರಲ್ಲಿ ಅದು ಬೇರೆ ಆಯಿತು.

ಇಷ್ಟು ಒತ್ತಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಬರೆಸಿರಲಿಲ್ಲ. 'ಭಾನುವಾರ ಹೋಗ್ತೀವಲ್ಲ, ಕಾಣಿಕೆ ಹಾಕ್ತೀವಲ್ಲ, ಸಾಕು' ಅಂದುಕೊಂಡಿದ್ದೆ. 2014ರ ಜುಲೈನಲ್ಲಿ ಒಂದು ರಾತ್ರಿ ಅಪ್ಪ ಎದೆ ನೋವು ಅಂತ ಎದ್ದು ಕೂತರು, ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಏಳು ಗಂಟೆಗೆ ಚರ್ಚ್‌ಗೆ ಓಡಿದೆ. ಆಫೀಸಿನಲ್ಲಿ ಇದ್ದವರು ಕೇಳಿದ ಮೊದಲ ಪ್ರಶ್ನೆ, 'ಯಾವ ವಾರ್ಡು?' ನನಗೆ ವಾರ್ಡ್ ಇರಲಿಲ್ಲ. ಪುಸ್ತಕ ತಿರುವಿದರು, ಹೆಸರಿಲ್ಲ. ಊರಿನಿಂದ ಪತ್ರ ಬೇಕು ಅಂದರು. ಊರಿನ ಫಾದರ್ ಫೋನ್ ಎತ್ತಲಿಲ್ಲ. ಮೂರು ಗಂಟೆ ಹಾಗೇ ಹೋಯಿತು. ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಯೋಚಿಸಿದರೆ ಅವರದ್ದೂ ತಪ್ಪು ಅನ್ನಿಸುವುದಿಲ್ಲ, ಸಮಾಧಿ ಜಾಗದ ವಿಷಯ, ಯಾರು ಏನು ಅಂತ ಗೊತ್ತಿಲ್ಲದೆ ಹೇಗೆ ಕೊಡುತ್ತಾರೆ? ಆದರೆ 'ಕೂತ್ಕೊಳ್ಳಿ, ನೀರು ಕುಡೀರಿ' ಅಂತ ಒಂದು ಮಾತು ಹೇಳಬಹುದಿತ್ತು.

ಆಮೇಲೆ ನಡೆದದ್ದನ್ನೂ ಹೇಳಬೇಕು. ಹತ್ತು ಗಂಟೆಗೆ ನಮ್ಮ ಬೀದಿಯ ಕೊನೆಯ ಮನೆಯ ಒಬ್ಬರು ಕೊಂಕಣಿ ಅಮ್ಮ, ಅಲ್ಲಿಯವರೆಗೆ ಬರೀ ಮುಖ ಪರಿಚಯ, ಎರಡು ಫ್ಲಾಸ್ಕ್ ಬ್ಲ್ಯಾಕ್ ಕಾಫಿ ಹಿಡಿದುಕೊಂಡು ಬಂದರು. ಅಮ್ಮನ ಪಕ್ಕ ನೆಲದ ಮೇಲೆ ಕೂತು ಜಪಸರ (ಮಣಿ ಎಣಿಸಿ ಮಾಡುವ ಪ್ರಾರ್ಥನೆ) ಶುರು ಮಾಡಿದರು, ಕನ್ನಡದಲ್ಲಿ. ಅರ್ಧ ಗಂಟೆಯಲ್ಲಿ ಮನೆ ತುಂಬ ಹೆಂಗಸರು. ಯಾರು ಯಾರಿಗೆ ಫೋನ್ ಮಾಡಿದರೋ ಗೊತ್ತಿಲ್ಲ. ಮಧ್ಯಾಹ್ನ ನಾನು ಸಮಾಧಿ ಸ್ಥಳಕ್ಕೆ ಹೋದಾಗ ಮೂರು ಜನ ಹುಡುಗರು ಗುಂಡಿ ತೋಡುತ್ತಿದ್ದರು. ಯುವಕರ ಸಂಘದವರು. ಮಲೆನಾಡಿನ ಜುಲೈ ಮಳೆ ನಿಮಗೆ ಗೊತ್ತಲ್ಲ. ತೋಡುತ್ತಾ ಹೋದ ಹಾಗೆ ಪಕ್ಕದಿಂದ ನೀರು ಒಸರುತ್ತಿತ್ತು. ಒಬ್ಬ ಗುಂಡಿಯೊಳಗೆ ಮೊಣಕಾಲು ನೀರಿನಲ್ಲಿ ನಿಂತು ಹಳೇ ಪೇಂಟ್ ಡಬ್ಬದಲ್ಲಿ ನೀರು ಮೊಗೆದು ಕೊಡುತ್ತಿದ್ದ, ಇನ್ನೊಬ್ಬ ಅದನ್ನು ಇಸಿದುಕೊಂಡು ದೂರ ಚೆಲ್ಲುತ್ತಿದ್ದ, ಮೂರನೆಯವನು ಮೇಲೆ ಟಾರ್ಪಾಲು ಹಿಡಿದಿದ್ದ. ನನ್ನನ್ನು ನೋಡಿ ಕೆಳಗಿದ್ದವನು ಡಬ್ಬ ಎತ್ತಿ ಕೊಡುತ್ತಲೇ ಕೇಳಿದ, 'ಅಪ್ಪಾಜಿ ಹೆಸರೇನಣ್ಣಾ?'

ಹೆಸರೂ ಗೊತ್ತಿಲ್ಲದವರಿಗೆ ಬೆಳಗ್ಗೆಯಿಂದ ಗುಂಡಿ ತೋಡುತ್ತಿದ್ದರು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಜನ ಒಳ್ಳೆಯವರೇ, ಆದರೆ ಅವರಿಗೆ ನೀವು ಇದ್ದೀರಿ ಅಂತ ಗೊತ್ತಾಗಬೇಕು. ಅದು ಪೂಜೆಯಲ್ಲಿ ಗೊತ್ತಾಗಲ್ಲ. ಪೂಜೆಯಲ್ಲಿ ಎಲ್ಲರೂ ಮುಂದೆ ನೋಡುತ್ತಿರುತ್ತಾರೆ.

ವಾರ್ಡ್ ಕೂಟಕ್ಕೆ ಹೋಗಿ. ನಮ್ಮಲ್ಲಿ ತಿಂಗಳಿಗೊಮ್ಮೆ ಯಾರಾದರೂ ಒಬ್ಬರ ಮನೆಯಲ್ಲಿ ಸಂಜೆ ಸೇರುತ್ತೇವೆ. ಬೈಬಲಿನಿಂದ ಒಂದು ಶುಭಸಂದೇಶ ಓದುತ್ತಾರೆ, ಅದರ ಬಗ್ಗೆ ನಾಲ್ಕು ಮಾತು, ಪ್ರಾರ್ಥನೆ, ಆಮೇಲೆ ಕಾಫಿ. ನಿಜ ಹೇಳಬೇಕಂದರೆ ಕಾಫಿ ಹೊತ್ತಿನಲ್ಲೇ ಎಲ್ಲ ನಡೆಯೋದು. ಯಾರ ಮಗಳಿಗೆ ಪಿಜಿ ಬೇಕು, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾವ ಶಾಲೆಯಲ್ಲಿ ಸೀಟಿದೆ, ಎಲ್ಲ ಅಲ್ಲೇ. ಎರಡು ಸಲ ಹೋದ ಮೇಲೆ 'ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಆಗಲಿ' ಅಂತ ನೀವೇ ಹೇಳಿ. ಬಾಡಿಗೆ ಮನೆ ಸಣ್ಣದು ಅಂತ ನಾಚಿಕೆ ಬೇಡ. ನಮ್ಮ ಮನೆಯಲ್ಲಿ ಮೊದಲ ಸಲ ಆದಾಗ ಅರ್ಧ ಜನ ಮೆಟ್ಟಿಲ ಮೇಲೆ ಕೂತಿದ್ದರು.

ಮಕ್ಕಳನ್ನು ಜ್ಞಾನೋಪದೇಶಕ್ಕೆ, ಅಂದರೆ ಚರ್ಚಿನ ಧರ್ಮಪಾಠಕ್ಕೆ, ಕಳಿಸಿ. ಮಕ್ಕಳಿಗೆ ಅಲ್ಲಿ ಸ್ನೇಹಿತರು ಸಿಕ್ಕರೆ ಅಪ್ಪ ಅಮ್ಮಂದಿರ ಪರಿಚಯ ತಾನಾಗಿಯೇ ಆಗುತ್ತದೆ. ಹಾಡು ಬರುತ್ತಿದ್ದರೆ ಗಾನವೃಂದ ಇದೆ. ನನಗೆ ಬರಲ್ಲ, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ.

ಸಂತ ವಿನ್ಸೆಂಟ್ ದೆ ಪೌಲರ ಸಭೆ ಬಗ್ಗೆ ಮಾತ್ರ ಸ್ವಲ್ಪ ಹೇಳುತ್ತೇನೆ, ಯಾಕಂದರೆ ನಾನು ಅದರಲ್ಲಿದ್ದೇನೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಓಜನಾಂ ಅನ್ನುವ ಕಾಲೇಜು ಹುಡುಗ ಗೆಳೆಯರ ಜೊತೆ ಸೇರಿ ಶುರು ಮಾಡಿದ್ದು, ಇವತ್ತಿಗೂ ನಡೆಯುವ ರೀತಿ ಸರಳ. ಕಷ್ಟದಲ್ಲಿರುವ ಮನೆಗೆ ಇಬ್ಬಿಬ್ಬರು ಸೇರಿ ಹೋಗೋದು, ಒಬ್ಬರೇ ಹೋಗುವ ಹಾಗಿಲ್ಲ. ಅಕ್ಕಿ, ಔಷಧಿ, ಮಕ್ಕಳ ಫೀಸು, ಆದಷ್ಟು. ಸಭೆಯ ಕೊನೆಯಲ್ಲಿ ಒಂದು ಬಟ್ಟೆ ಚೀಲ ಸುತ್ತು ಬರುತ್ತದೆ. ಎಲ್ಲರೂ ಕೈ ಒಳಗೆ ಹಾಕಿ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಯಾರಿಗೂ ಗೊತ್ತಾಗಲ್ಲ. ನನಗೆ ಇದು ಬಹಳ ಹಿಡಿಸಿತು. ಹಬ್ಬದ ಚಂದಾ ಲಿಸ್ಟನ್ನು ಮೈಕಿನಲ್ಲಿ ಓದುವ ಪದ್ಧತಿ ಕೆಲವು ಕಡೆ ಇದೆಯಲ್ಲ, ನನಗೆ ಅದು ಆಗಲ್ಲ. ಐನೂರು ಕೊಟ್ಟವನ ಹೆಸರು ಬರುವಷ್ಟರಲ್ಲಿ ಐದು ಸಾವಿರದವರು ಎದ್ದು ಹೋಗಿರುತ್ತಾರೆ.

ಇನ್ನೊಂದು ದಾರಿ, ಕೈ ಕೆಲಸ. ಮಾತು ಕಡಿಮೆ ಇರುವವರಿಗೆ ಇದೇ ಸರಿ. ಅಪ್ಪ ಹೋದ ವರ್ಷ ಡಿಸೆಂಬರಿನಲ್ಲಿ ಅದೇ ಮೂರು ಹುಡುಗರು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋಕೆ ಕರೆದರು. ನನಗೆ ವೈರಿಂಗ್ ಸ್ವಲ್ಪ ಗೊತ್ತು, ಸೀರಿಯಲ್ ಸೆಟ್ ಜೋಡಿಸಿದೆ. ಗದ್ದೆ ಹಸಿರು ತೋರಿಸೋಕೆ ರಾಗಿ ಹಾಕುವ ಕೆಲಸವನ್ನೂ ನನಗೇ ಕೊಟ್ಟರು, ನೀವು ಹಾಸನದವರು, ರಾಗಿ ನಿಮ್ಮದೇ ಅಂತ ತಮಾಷೆ ಮಾಡಿ. ಊರಲ್ಲಿ ಒಂದು ವಾರಕ್ಕೆ ಬೆರಳುದ್ದ ಬರುತ್ತಿತ್ತು. ಆ ಲೆಕ್ಕದಲ್ಲಿ 17ನೇ ತಾರೀಖು ನೆನೆಸಿ ಟ್ರೇಗಳಲ್ಲಿ ಚೆಲ್ಲಿದೆ. ಇಲ್ಲಿನ ಚಳಿಗೆ 24ರ ಸಂಜೆ ನೋಡಿದರೆ ಎರಡು ದಿನ ಕ್ಷೌರ ಮಾಡದ ಗಡ್ಡದ ಹಾಗೆ ಇದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಒಬ್ಬರು ಓಡಿ ಹೋಗಿ ಯಾರದೋ ಅಂಗಳದಿಂದ ಹುಲ್ಲು ಮಣ್ಣಿನ ಹೆಂಟೆ ಸಮೇತ ಕಿತ್ತು ತಂದರು. ಮಾರನೇ ವರ್ಷದಿಂದ ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಎರಡನೇ ಭಾನುವಾರ ಬರುವ ಮೊದಲೇ ಹಾಕುತ್ತೇನೆ, ಮೇಲೆ ಗೋಣಿಚೀಲ ಮುಚ್ಚಿ. ಆ ನಗುವಿನ ದಿನದಿಂದ ನನಗೆ ಚರ್ಚ್ ಮುಂದೆ ನಿಂತು ಮಾತಾಡೋಕೆ ಜನ ಇದ್ದಾರೆ.

ಕ್ಯಾರಲ್ಸ್‌ಗೂ ಹೋಗಿ. ಪಟ್ಟಣದ ಮನೆಗಳಿಗಿಂತ ತೋಟದ ಲೈನ್‌ಗಳಿಗೆ ಹೋಗುವ ದಿನ ಚೆನ್ನಾಗಿರುತ್ತದೆ. ಅದು ಹಣ್ಣು ಕುಯ್ಯುವ ಕಾಲ, ಸಂಜೆ ಚೀಲ ತೂಕ ಆಗಿ, ಲೆಕ್ಕ ಬರೆಸಿ, ಜನ ಲೈನಿಗೆ ಬಂದು ಮುಖ ತೊಳೆಯುವ ತನಕ ಜೀಪಿನಲ್ಲೇ ಕಾಯಬೇಕು. ಕ್ರಿಸ್‌ಮಸ್ ತಾತನ ವೇಷದವನಿಗೆ ಗಡ್ಡದೊಳಗೆ ತುರಿಕೆ, ನಮಗೆ ಚಳಿ. ಆಮೇಲೆ ಹಾಡು, ಅವರು ಕೊಡುವ ಬಿಸಿ ಬೆಲ್ಲದ ಕಾಫಿ. ಕ್ರೈಸ್ತರಲ್ಲದ ಮನೆಯವರೂ ನಮ್ಮ ಬಾಗಿಲಿಗೂ ಬನ್ನಿ ಅಂತ ಕರೆಯುತ್ತಾರೆ.

ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಶುಕ್ರವಾರ ಶಿಲುಬೆ ಹಾದಿ, ಯೇಸುವಿನ ಕೊನೆಯ ಪಯಣ ನೆನೆಯುವ ಪ್ರಾರ್ಥನೆ. ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆಗೆ ಕಾಯುವ ಸಮಯವೂ ಅದೇ ಆಗಿರುವುದರಿಂದ ತೋಟದವರು ಜಾಸ್ತಿ ಭಕ್ತಿಯಿಂದ ಬರುತ್ತಾರೆ, ನಾನು ತಮಾಷೆಗೆ ಹೇಳುತ್ತಿಲ್ಲ.

ಒಂದು ಎಚ್ಚರಿಕೆ. ಮೊದಲ ಎರಡು ವರ್ಷ ಯಾವ ಸಮಿತಿಗೂ ನಿಲ್ಲಬೇಡಿ. ಪಾಲನಾ ಸಮಿತಿ, ಹಬ್ಬದ ಊಟದ ಸಮಿತಿ ಯಾವುದೂ ಬೇಡ. ಯಾರಿಗೋ ಯಾರಿಗೋ ಯಾವಾಗಲೋ ಮಾತು ಬಿಟ್ಟಿರುತ್ತದೆ, ಅದು ಬಿರಿಯಾನಿ ಲೆಕ್ಕದಲ್ಲಿ ಹೊರಗೆ ಬರುತ್ತದೆ. ಊಟ ಬಡಿಸಿ, ಪಾತ್ರೆ ತೊಳೆಯಿರಿ, ಲೆಕ್ಕದ ಪುಸ್ತಕ ಮಾತ್ರ ಮುಟ್ಟಬೇಡಿ. ಲೆಕ್ಕ ಬರೆಯೋದೇ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತಿದ್ದೇನೆ.

ನೀವು ಪೂಜೆ ಅಂತ ಬರೆದದ್ದರಿಂದ ಕಥೋಲಿಕರು ಅಂದುಕೊಂಡೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಸಭೆ) ಆಗಿದ್ದರೆ ಹೆಸರು ಬೇರೆ, ಆರಾಧನೆ, ಸಭಾಪಾಲಕರು, ಸಂಡೆ ಸ್ಕೂಲ್, ಸ್ತ್ರೀಯರ ಕೂಟ. ದಾರಿ ಹೆಚ್ಚು ಕಮ್ಮಿ ಇದೇ. ಅವರ ಸುಗ್ಗಿ ಹಬ್ಬ ತಪ್ಪಿಸಬೇಡಿ. ಜನ ಮನೆಯಲ್ಲಿ ಬೆಳೆದದ್ದನ್ನು ತಂದು ಹರಾಜು ಹಾಕುತ್ತಾರೆ. ನನ್ನ ಸಹೋದ್ಯೋಗಿಯ ಜೊತೆ ಒಮ್ಮೆ ಹೋಗಿ, ಕೈ ಎತ್ತಿ ನೊಣ ಓಡಿಸಿದ್ದಕ್ಕೆ ಒಂದು ಕುಂಬಳಕಾಯಿ ನನ್ನ ಪಾಲಿಗೆ ಬಂತು.

ಈಗ ಆಗಸ್ಟ್ ಅಲ್ವಾ, ನೀವು ಸರಿಯಾದ ಸಮಯಕ್ಕೇ ಕೇಳಿದ್ದೀರಿ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಕೊಂಕಣಿಯವರು ಮೊಂತಿ ಹಬ್ಬ ಅನ್ನುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ನವೇನ ಪ್ರಾರ್ಥನೆ, ದಿನಾ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಯ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡುತ್ತಾರೆ, ಮನೆಯಲ್ಲಿ ಆ ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಹಂಚಿಕೊಳ್ಳೋದು, ಅವತ್ತು ತರಕಾರಿ ಊಟ. ನಿಮ್ಮ ಮಕ್ಕಳ ಕೈಯಲ್ಲಿ ಹೂ ಕೊಟ್ಟು ಕಳಿಸಿ. ಅಂಗಡಿ ಹೂ ಬೇಕಾಗಿಲ್ಲ. ಮಳೆಗಾಲದಲ್ಲಿ ಇಲ್ಲಿ ಎಲ್ಲರ ಅಂಗಳದಲ್ಲೂ ಡೇರೆ ಹೂ ಇರುತ್ತದೆ. ಬಾಡಿಗೆ ಮನೆಯಲ್ಲಿ ಅಂಗಳ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಕೊಡುತ್ತಾರೆ. ಕೊಂಕಣಿಯವರ ಮನೆಯಾದರೆ 'ದೇವ್ ಬರೆಂ ಕರುಂ' ಅನ್ನಿ, ಥ್ಯಾಂಕ್ಸ್ ಅಂತ ಅರ್ಥ. ಉಚ್ಚಾರ ತಪ್ಪಾದರೆ ತಿದ್ದುತ್ತಾ ಕೂರಿಸಿ ಕಾಫಿ ಕೊಡುತ್ತಾರೆ, ಅರ್ಧ ಗಂಟೆ ಬಿಡುವು ಇಟ್ಟುಕೊಂಡು ಹೋಗಿ.